ಗದ್ದೆಯಲ್ಲೊಂದು ಕಾಲು, ಗಾರ್ಮೆಂಟ್ಸಿನಲ್ಲೊಂದು ಕಾಲು

ಆರ್ಥರ್ ಲೂಯಿಸ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದಾಗ 1954ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಹಳ್ಳಿಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನ ಹೊಲಕ್ಕೆ ಜೋತುಬಿದ್ದಿರುತ್ತಾರೆ. ಪೇಟೆಯಲ್ಲಿ ಕಾರ್ಖಾನೆ ಎದ್ದರೆ ಅವರು ಆ ಕಡೆ ಹೋಗುತ್ತಾರೆ, ಹೋದರೂ ಹೊಲದ ಬೆಳೆ ಕಮ್ಮಿಯಾಗುವುದಿಲ್ಲ. ಕಾರ್ಖಾನೆಯ ಲಾಭ ಮತ್ತೆ ಕಾರ್ಖಾನೆಗೇ ಬಂಡವಾಳವಾಗುತ್ತದೆ. ಹೀಗೆ ಬೇಸಾಯದ ನಾಡು ಕೈಗಾರಿಕೆಯ ನಾಡಾಗುತ್ತದೆ ಎಂಬುದು ಅದರ ಸಾರ. 1979ರಲ್ಲಿ ಲೂಯಿಸರಿಗೆ ನೊಬೆಲ್ ಬಂದದ್ದರಲ್ಲಿ ಈ ಪ್ರಬಂಧದ ಪಾಲು ದೊಡ್ಡದು. ಅದೇ 1954ರಲ್ಲಿ ಅದೇ ಮ್ಯಾಂಚೆಸ್ಟರಿನ ಕಡೆಯಿಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯಕ್ಕೆ ಬಂದರು. ಸೂತ್ರ ಬರೆಯುವುದು ಅವರ ಉದ್ದೇಶವಾಗಿರಲಿಲ್ಲ. ಎರಡು ಊರುಗಳಲ್ಲಿದ್ದುಕೊಂಡು ಮನೆಮನೆಯ ಲೆಕ್ಕ ಬರೆದುಕೊಂಡರು. ಕರ್ನಾಟಕದ ಆರ್ಥಿಕತೆ ಎಲ್ಲಿಂದ ಎಲ್ಲಿಗೆ ಬಂತು ಎಂದು ತಿಳಿಯಲು ಲೂಯಿಸರಿಗಿಂತ ಎಪ್‌ಸ್ಟೈನ್ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಪುಸ್ತಕದಲ್ಲಿ ಅವರು ಆ ಊರುಗಳಿಗೆ ಇಟ್ಟ ಹುಸಿ ಹೆಸರು ವಂಗಲ ಮತ್ತು ದಲೇನ. ಕನ್ನಂಬಾಡಿ ಕಟ್ಟೆಯ ನಾಲೆ ವಂಗಲಕ್ಕೆ ನೀರು ತಂದಿತ್ತು. ದಲೇನ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಸುತ್ತಲ ಊರುಗಳೆಲ್ಲ ತರಿಯಾದರೂ ಅದೊಂದು ಖುಷ್ಕಿಯಾಗಿಯೇ ಉಳಿಯಿತು. ವಂಗಲದವರು ಕಬ್ಬು ಹಾಕಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಒಪ್ಪಂದದ ಮೇಲೆ ಕೊಟ್ಟು ದುಡ್ಡು ಕಂಡರು. ಆದರೆ ಊರಿನ ಏರ್ಪಾಡು ಹಳೆಯದೇ. ಒಕ್ಕಲಿಗ ಯಜಮಾನನ ಮನೆಗೂ ದಲಿತ ಆಳಿನ ಮನೆಗೂ ತಲೆಮಾರುಗಳಿಂದ ಬಂದ ಸಂಬಂಧ, ಸುಗ್ಗಿಯಲ್ಲಿ ಕಾಳು ಅಳೆದುಕೊಡುವ ಪದ್ಧತಿ, ಹಬ್ಬದ ಮರ್ಯಾದೆಗಳು ಕದಲಲಿಲ್ಲ. ದಲೇನದವರಿಗೆ ಕೂತು ಉಣ್ಣುವ ಅನುಕೂಲವಿರಲಿಲ್ಲ. ಅವರು ಮಂಡ್ಯ ಪೇಟೆಗೆ ಕೆಲಸಕ್ಕೆ ಹೋದರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ಆಲೆ ಕಟ್ಟಿದರು, ಗಾಡಿ ಬಾಡಿಗೆಗೆ ಹೊಡೆದರು, ಪಕ್ಕದೂರಿನಲ್ಲಿ ತರಿ ಜಮೀನು ಕೊಂಡರು. ಯಜಮಾನ-ಆಳಿನ ಹಳೆಯ ನಂಟು ಸಡಿಲಗೊಂಡದ್ದು ಇಲ್ಲೇ, ನೀರು ಬಾರದ ಊರಿನಲ್ಲಿ. 1962ರಲ್ಲಿ ಪುಸ್ತಕ ಬಂತು. 1970ರಲ್ಲಿ ಎಪ್‌ಸ್ಟೈನ್ ಮತ್ತೆ ಬಂದು ನೋಡಿದಾಗ ವಂಗಲದಲ್ಲಿ ಸಂಪತ್ತಿನ ಜೊತೆಗೆ ಬಡವ-ಬಲ್ಲಿದರ ಅಂತರವೂ ಬೆಳೆದಿತ್ತು.

ಆದಾಯ ಏರುವುದು ಒಂದು, ಬದುಕಿನ ಕಟ್ಟಡ ಬದಲಾಗುವುದು ಇನ್ನೊಂದು. ಸರ್ಕಾರಗಳು ಎಪ್ಪತ್ತು ವರ್ಷಗಳಿಂದ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಬಜೆಟ್ ಮಂಡಿಸುತ್ತ ಬಂದಿವೆ.

ಇಡೀ ರಾಜ್ಯದ ಲೆಕ್ಕಕ್ಕೆ ಬರೋಣ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದ ಉತ್ಪನ್ನದಲ್ಲಿ ನೂರಕ್ಕೆ ಅರವತ್ತರಷ್ಟು ಬರುತ್ತಿದ್ದುದು ಬೇಸಾಯ ಮತ್ತು ಅದಕ್ಕೆ ಹೊಂದಿಕೊಂಡ ಕಸುಬುಗಳಿಂದ. ಇವತ್ತು ಅದು ಹತ್ತು-ಹದಿನೈದರ ನಡುವೆ ಇದೆ. ಸೇವಾ ವಲಯದ ಪಾಲು ಮೂರನೇ ಎರಡರಷ್ಟು. ಇಷ್ಟನ್ನೇ ನೋಡಿದರೆ ಕರ್ನಾಟಕ ದಾಟಿ ಆಯಿತು ಅನ್ನಿಸಬೇಕು. ಜನರ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2001ರ ಜನಗಣತಿಯಲ್ಲಿ ದುಡಿಯುವವರ ಪೈಕಿ ಸಾಗುವಳಿದಾರರೂ ಕೃಷಿ ಕೂಲಿಗಳೂ ಸೇರಿ ಸುಮಾರು ಶೇ. 56, 2011ರಲ್ಲಿ ಸುಮಾರು ಶೇ. 49. ಉತ್ಪನ್ನದ ಏಳನೇ ಒಂದು ಪಾಲನ್ನು ಹೆಚ್ಚುಕಮ್ಮಿ ಅರ್ಧದಷ್ಟು ದುಡಿಮೆಗಾರರು ಹಂಚಿಕೊಳ್ಳುತ್ತಿದ್ದಾರೆ ಎಂದರೆ, ಬೇಸಾಯದ ಆಚೆಗಿನವನು ಸರಾಸರಿಯಲ್ಲಿ ಬೇಸಾಯದವನ ಐದಾರು ಪಟ್ಟು ಉತ್ಪಾದಿಸುತ್ತಾನೆ ಎಂದಾಯಿತು. ಲೂಯಿಸರ ಪ್ರಕಾರ ಇಷ್ಟು ಅಂತರವಿದ್ದರೆ ಹಳ್ಳಿಗಳು ಬರಿದಾಗಬೇಕಿತ್ತು. ಯಾಕೆ ಆಗಲಿಲ್ಲ?

ಆ ಗಣತಿಯೊಳಗೇ ಇನ್ನೊಂದು ವಿಚಿತ್ರವಿದೆ. 2001ರಲ್ಲಿ 69 ಲಕ್ಷದಷ್ಟಿದ್ದ ಸಾಗುವಳಿದಾರರು 2011ರಲ್ಲಿ 66 ಲಕ್ಷಕ್ಕೆ ಇಳಿದರು. ಕೃಷಿ ಕೂಲಿಗಳು 62 ಲಕ್ಷದಿಂದ 72 ಲಕ್ಷದ ಹತ್ತಿರಕ್ಕೆ ಏರಿದರು. ಕೂಲಿಗಳ ಸಂಖ್ಯೆ ಒಕ್ಕಲು ಮಾಡುವವರನ್ನು ಮೀರಿದ್ದು ಆ ದಶಕದಲ್ಲಿ. ಇದರ ಪಕ್ಕಕ್ಕೆ ಕೃಷಿ ಗಣತಿಯನ್ನು ಇಟ್ಟು ನೋಡಿ. 1970-71ರಲ್ಲಿ ರಾಜ್ಯದಲ್ಲಿ 35.5 ಲಕ್ಷ ಹಿಡುವಳಿಗಳಿದ್ದವು, ಸರಾಸರಿ ವಿಸ್ತೀರ್ಣ 3.20 ಹೆಕ್ಟೇರ್, ಅಂದರೆ ಎಂಟು ಎಕರೆಯ ಹತ್ತಿರ. 2010-11ಕ್ಕೆ ಹಿಡುವಳಿಗಳು 78 ಲಕ್ಷವಾದವು. 2015-16ಕ್ಕೆ ಸುಮಾರು 87 ಲಕ್ಷ, ಸರಾಸರಿ 1.36 ಹೆಕ್ಟೇರಿಗೆ, ಮೂರೂಕಾಲು ಎಕರೆಯ ಆಸುಪಾಸಿಗೆ ಕುಸಿಯಿತು. ಎರಡೂ ಗಣತಿಗಳ ಲೆಕ್ಕದ ರೀತಿ ಬೇರೆ ನಿಜ. ಆದರೂ 78 ಲಕ್ಷ ಹಿಡುವಳಿಗಳಿಗೆ 66 ಲಕ್ಷ ಸಾಗುವಳಿದಾರರು ಅಂದರೆ ಏನು? ಒಂದು ಜಮೀನಿನಲ್ಲಿ ಗಂಡ-ಹೆಂಡಿರಿಬ್ಬರೂ ಸಾಗುವಳಿದಾರರೆಂದು ಬರೆಸಿರುವ ಮನೆಗಳೂ ಇರುವುದರಿಂದ ಈ ಕೊರತೆ ಕಂಡದ್ದಕ್ಕಿಂತ ದೊಡ್ಡದೇ ಇರಬೇಕು. ಜಮೀನು ಇದೆ, ಪಹಣಿ ಇದೆ, ಆದರೆ ಕಸುಬು ಯಾವುದೆಂದು ಕೇಳಿದರೆ ಬೇಸಾಯ ಎನ್ನುವವರಿಲ್ಲದ ಮನೆಗಳು ಲಕ್ಷಗಟ್ಟಲೆ ಇವೆ.

ನನ್ನ ವಾದ ಇಷ್ಟು. ಕರ್ನಾಟಕದಲ್ಲಿ ಬೇಸಾಯ ಬಿಟ್ಟು ಬೇರೆ ಕಸುಬಿಗೆ ದಾಟುತ್ತಿರುವುದು ಒಬ್ಬೊಬ್ಬ ಆಳಲ್ಲ, ಮನೆ. ಆ ಮನೆಯೂ ಪೂರ್ತಿ ದಾಟುವುದಿಲ್ಲ. ಇಬ್ಬರನ್ನು ಪೇಟೆಗೆ ಕಳಿಸಿ ಇಬ್ಬರನ್ನು ಹೊಲದಲ್ಲಿ ಉಳಿಸಿಕೊಳ್ಳುತ್ತದೆ. ಪೇಟೆಯ ಕೆಲಸವನ್ನು ನಂಬುವಂತಿಲ್ಲ ಎಂಬುದು ಇದಕ್ಕೆ ಕಾರಣ. ಹಳ್ಳಿಗರಿಗೆ ಮಣ್ಣಿನ ಮೋಹ ಹೆಚ್ಚು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಂಬುವಂಥ ಕೆಲಸ ಸಿಕ್ಕಾಗ ಇದೇ ಜನ ಹಿಂತಿರುಗಿ ನೋಡದೆ ಊರು ಬಿಟ್ಟದ್ದಕ್ಕೆ ನಮ್ಮಲ್ಲೇ ಪುರಾವೆಯಿದೆ.

ಮೈಸೂರು ಸಂಸ್ಥಾನ ಕೈಗಾರಿಕೆಯನ್ನು ಮೇಲಿನಿಂದ ತಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ, ಗಂಧದೆಣ್ಣೆ ಮತ್ತು ಸಾಬೂನಿನ ಉದ್ಯಮಗಳು ಹುಟ್ಟಿದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಆಗಲೇ ತಳಪಾಯ ಬಿತ್ತು. ಮಿರ್ಜಾ ಇಸ್ಮಾಯಿಲರ ಕಾಲಕ್ಕೆ, 1933ರಲ್ಲಿ, ಮಂಡ್ಯದ ಸಕ್ಕರೆ ಕಂಪನಿ ಬಂತು. ಅದರ ಹಿಂದೆ ನಿಂತು ದುಡಿದವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ನಾಲೆ ಮತ್ತು ಕಾರ್ಖಾನೆಯನ್ನು ಒಟ್ಟಿಗೇ ಯೋಚಿಸಿದ, ಬೆಳೆದವನ ಕಬ್ಬಿಗೆ ಹತ್ತಿರದಲ್ಲೇ ಗಾಣ ಒದಗಿಸಿದ ಯೋಜನೆ ಅದು. ಹಾಗೆ ಜೋಡಿಸಿ ಯೋಚಿಸಿದ್ದು ನಮ್ಮಲ್ಲಿ ಮತ್ತೆ ಹೆಚ್ಚು ಸಲ ನಡೆಯಲಿಲ್ಲ. (ಅದೇ ಮೈಷುಗರ್ ಈಚಿನ ವರ್ಷಗಳಲ್ಲಿ ಬಾಗಿಲು ಹಾಕಿಕೊಂಡಿದ್ದು, 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರು ಮಾಡಿತು. ಮಂಡ್ಯದಲ್ಲಿ ಅದನ್ನು ಊರ ಹಬ್ಬದಂತೆ ಕಂಡರು.)

ಸ್ವಾತಂತ್ರ್ಯದ ನಂತರ ಕೇಂದ್ರದ ಕಾರ್ಖಾನೆಗಳು ಬೆಂಗಳೂರಿಗೆ ಬಂದವು. 1940ರಲ್ಲೇ ಶುರುವಾಗಿದ್ದ ಎಚ್‌ಎಎಲ್ ಜೊತೆಗೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಸೇರಿದವು. ಮಾಗಡಿ, ನೆಲಮಂಗಲ, ಹೊಸಕೋಟೆ, ತುಮಕೂರು ಕಡೆಯಿಂದ ಎಸ್ಸೆಸ್ಸೆಲ್ಸಿ ಅಥವಾ ಐಟಿಐ ಕೋರ್ಸು ಮುಗಿಸಿ ಇಲ್ಲಿಗೆ ಸೇರಿದ ರೈತರ ಮಕ್ಕಳು ಬಹಳ. ಜಾಲಹಳ್ಳಿಯಲ್ಲೋ ದೂರವಾಣಿನಗರದಲ್ಲೋ ಅವರಿಗೆ ಕ್ವಾರ್ಟರ್ಸು, ಮಕ್ಕಳಿಗೆ ಕಂಪನಿ ಶಾಲೆ, ಮೂರು ಪಾಳಿಗೆ ಕಂಪನಿ ಬಸ್ಸು, ಮಧ್ಯಾಹ್ನಕ್ಕೆ ಕ್ಯಾಂಟೀನು, ಕಾಯಿಲೆಗೆ ಆಸ್ಪತ್ರೆ, ಕೊನೆಗೆ ಗ್ರಾಚ್ಯುಟಿ. ಅವರು ಊರ ಜಮೀನನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟರು, ಇಲ್ಲವೇ ಮಾರಿ ನಗರದಲ್ಲಿ ಸೈಟು ಕೊಂಡರು. ಅವರ ಮಕ್ಕಳು ಎಂಜಿನಿಯರಾದರು. ಲೂಯಿಸರ ಪ್ರಬಂಧ ಅಕ್ಷರಶಃ ನಿಜವಾದದ್ದು ಈ ಒಂದು ತಲೆಮಾರಿನ ಮಟ್ಟಿಗೆ. ದಾಟಿದವರು ಕೆಲವೇ ಸಾವಿರ ಕುಟುಂಬಗಳಾದರೂ ಪೂರ್ತಿ ದಾಟಿದರು, ಯಾಕೆಂದರೆ ಹೊಲ ಕೊಡುತ್ತಿದ್ದ ಭದ್ರತೆಗಿಂತ ಹೆಚ್ಚಿನದನ್ನು ಕಾರ್ಖಾನೆ ಕೊಟ್ಟಿತ್ತು.

ಇದೇ ಹೊತ್ತಿನಲ್ಲಿ ಇನ್ನೊಂದು ಬಾಗಿಲು ಮುಚ್ಚುತ್ತಿದ್ದುದನ್ನು ಬೆಂಗಳೂರು ಗಮನಿಸಲಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು, ಹುಬ್ಬಳ್ಳಿಯ ಮಿಲ್ಲು, ಕಲಬುರಗಿಯ ಎಂಎಸ್‌ಕೆ ಮಿಲ್ಲು ಒಂದಾದ ಮೇಲೊಂದು ನಿಂತವು. ಸುತ್ತಲ ಹತ್ತಿ ಬೆಳೆಗಾರನಿಗೂ ಗಿರಣಿ ಕೆಲಸದವನಿಗೂ ಒಂದೇ ಪೇಟೆಯಲ್ಲಿ ಅನ್ನ ಸಿಗುತ್ತಿದ್ದ ಮಧ್ಯಮ ಗಾತ್ರದ ಊರುಗಳು ಅವು. ಹಳ್ಳಿ ಮತ್ತು ಬೆಂಗಳೂರಿನ ನಡುವಿನ ಮೆಟ್ಟಿಲು ಇರಬೇಕಾದ ಜಾಗದಲ್ಲಿ ಈಗ ದಾವಣಗೆರೆಗೆ ಮಂಡಕ್ಕಿ ಭಟ್ಟಿಗಳೂ ಕಾಲೇಜುಗಳೂ ಉಳಿದಿವೆ.

ಬೆಂಗಳೂರಿನ ಎರಡನೆಯ ಅಲೆ ಎಲ್ಲರಿಗೂ ಗೊತ್ತಿರುವುದೇ. 1983ರಲ್ಲಿ ಇನ್ಫೋಸಿಸ್ ಇಲ್ಲಿಗೆ ಬಂತು, 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂತು, 1997ರಲ್ಲಿ ರಾಜ್ಯ ಸರ್ಕಾರ ಐಟಿ ನೀತಿ ಹೊರಡಿಸಿತು. ಇವತ್ತು ರಾಜ್ಯದ ಉತ್ಪನ್ನದ ಮೂರನೇ ಒಂದಕ್ಕಿಂತ ಹೆಚ್ಚು ಬರುವುದು ಬೆಂಗಳೂರು ನಗರ ಜಿಲ್ಲೆ ಒಂದರಿಂದ. ಅಲ್ಲಿನ ತಲಾ ಆದಾಯ ಕಲಬುರಗಿಯದರ ಐದು ಪಟ್ಟಿನ ಆಸುಪಾಸು. ಈ ಅಲೆಗೆ ಬೇಕಿದ್ದುದು ಪದವಿ ಮತ್ತು ಇಂಗ್ಲಿಷು. ಹೊಲದಿಂದ ನೇರ ಬಂದವನಿಗೆ ಸಿಕ್ಕಿದ್ದು ಆ ಪದವೀಧರರ ಸುತ್ತ ಹುಟ್ಟಿಕೊಂಡ ಕೆಲಸಗಳು: ಗಾರೆ ಕೆಲಸ, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕ್ಯಾಬು, ಈಗ ಬೈಕಿನ ಮೇಲೆ ಊಟ ತಲುಪಿಸುವುದು. ಕೈಗಾರಿಕೆ ಬೆಳೆಯುವ ಮೊದಲೇ ಸೊರಗಿ ಸೇವಾ ವಲಯ ಮುಂದಾಗುವ ಈ ಬಗೆಯನ್ನು ಡ್ಯಾನಿ ರಾಡ್ರಿಕ್ ಅವರಂಥ ಅರ್ಥಶಾಸ್ತ್ರಜ್ಞರು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ. ನಮ್ಮ ರಾಜ್ಯವನ್ನು ಅದಕ್ಕೆ ಉದಾಹರಣೆಯಾಗಿ ಕೊಡಬಹುದು. ಆದರೆ ಇಲ್ಲಿ ಹೊಲದವರನ್ನು ಒಳಗೆ ಕರೆದುಕೊಂಡ ಕೈಗಾರಿಕೆಯೊಂದು ಇತ್ತು, ಅದರ ಬಗ್ಗೆ ಮಾತನಾಡುವವರು ಕಡಿಮೆ.

ಅದು ಗಾರ್ಮೆಂಟ್ಸು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ದುಡಿಯುತ್ತಾರೆ. ಮಂಡ್ಯ, ರಾಮನಗರ, ತುಮಕೂರು, ಹಾಸನದ ಹಳ್ಳಿಗಳಿಂದ ಬಂದವರೇ ಹೆಚ್ಚು. ಈಚೆಗೆ ಕಾರ್ಖಾನೆಗಳೇ ಮದ್ದೂರು, ಹಾಸನ, ಶಿವಮೊಗ್ಗದ ಕಡೆ ನಡೆದಿವೆ; ಬೆಂಗಳೂರಿನ ವಲಯಕ್ಕಿಂತ ಕನಿಷ್ಠ ಕೂಲಿ ಅಲ್ಲಿ ಕಡಿಮೆ ಎಂಬುದೂ ಒಂದು ಕಾರಣ. ಬೆಳಿಗ್ಗೆ ಏಳಕ್ಕೆಲ್ಲ ಮದ್ದೂರಿನ ಸುತ್ತಲ ಹಳ್ಳಿಗಳ ಅರಳಿಕಟ್ಟೆಯ ಹತ್ತಿರ ಕಂಪನಿ ಟೆಂಪೊ ಬಂದು ನಿಲ್ಲುತ್ತದೆ. ಹತ್ತುವ ಹೆಂಗಸು ಆ ಹೊತ್ತಿಗಾಗಲೇ ಹಸು ಕರೆದು ಡೈರಿಗೆ ಹಾಲು ಹಾಕಿ, ಎರಡು ಡಬ್ಬಿ ಕಟ್ಟಿಕೊಂಡಿರುತ್ತಾಳೆ. ಕೈಗೆ ಸಿಗುವ ಸಂಬಳ ಹನ್ನೆರಡು-ಹದಿಮೂರು ಸಾವಿರದ ಆಚೀಚೆ. ಗಂಡ ಬೆಂಗಳೂರಿನಲ್ಲಿ ಡ್ರೈವರಿದ್ದು ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾನೆ, ನಾಟಿಗೂ ಕುಯಿಲಿಗೂ ರಜೆ ಹಾಕುತ್ತಾನೆ. ಒಂದೂವರೆ ಎಕರೆ ನೋಡಿಕೊಳ್ಳುವುದು ಅತ್ತೆ-ಮಾವ. ಹಾಲಿನ ಬಟವಾಡೆ ಅತ್ತೆಯ ಖಾತೆಗೆ. ಈ ಮನೆ ಬೇಸಾಯದ್ದೋ ಕೈಗಾರಿಕೆಯದ್ದೋ ಸೇವಾ ವಲಯದ್ದೋ? ಮೂರೂ ವಲಯಗಳು ಒಂದೇ ಒಲೆಯ ಮೇಲೆ ಬೇಯುತ್ತಿವೆ.

ಹೀಗಿರುವುದನ್ನು ಹಿಂದುಳಿದಿರುವಿಕೆ ಎಂದು ತಳ್ಳಿಹಾಕಬಾರದು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ದೊಡ್ಡ ಸಂಘಟನೆಯ ಕರೆಯೂ ಇಲ್ಲದೆ ಬೀದಿಗಿಳಿದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ನಿಲ್ಲಿಸಿದರು. ಎರಡೇ ದಿನದಲ್ಲಿ ದೆಹಲಿ ಹಿಂದೆ ಸರಿಯಿತು. ಐವತ್ತೆಂಟು ವರ್ಷದವರೆಗೆ ಕಾಯಿರಿ ಎಂಬ ನಿಯಮ ಅವರಿಗೆ ಯಾಕೆ ಅಷ್ಟು ಸಿಟ್ಟು ತರಿಸಿತು? ನಲವತ್ತು ದಾಟಿದ ಮೇಲೆ ಕಣ್ಣು, ಬೆನ್ನು ಸೋತು ಹೊಲಿಗೆ ಸಾಲಿನಲ್ಲಿ ಉಳಿಯುವವರು ಕಡಿಮೆ. ಪಿಎಫ್ ಅವರ ಲೆಕ್ಕದಲ್ಲಿ ಮುಪ್ಪಿನ ಹಣವಲ್ಲ; ಮಗಳ ಮದುವೆ, ಊರಿನಲ್ಲೊಂದು ಬೋರ್‌ವೆಲ್, ಅಡವಿಟ್ಟ ಚಿನ್ನ ಬಿಡಿಸುವುದು. ಎಚ್‌ಎಂಟಿಯವನಿಗೆ ಕಾರ್ಖಾನೆ ಒಂದು ಇಡೀ ಆಯುಷ್ಯವಾಗಿತ್ತು. ಇವರಿಗೆ ಅದು ಹತ್ತು-ಹದಿನೈದು ವರ್ಷದ ಸುಗ್ಗಿ, ಮುಗಿದ ಮೇಲೆ ಹೋಗಲು ಊರು ಇರಲೇಬೇಕು. ಕೋಲಾರದ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಸಂಬಳದ ತಕರಾರು ಗಲಭೆಗೆ ತಿರುಗಿದಾಗಲೂ ಮುಂದಿದ್ದವರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ ಕೆಲಸಗಾರರು. ಕಾರ್ಖಾನೆ ಹೊಸದು, ಯಂತ್ರ ಹೊಸದು. ಆದರೆ ಕೆಲಸ ಕೊಟ್ಟವನು ಯಾರೆಂದು ಕೆಲಸದವನಿಗೇ ಸ್ಪಷ್ಟವಿಲ್ಲ.

ಊರು ಇರಲೇಬೇಕು ಎಂಬುದು ಕೊರೊನಾ ಲಾಕ್‌ಡೌನಿನ ನಡುವೆ, 2020ರ ಮೇ ತಿಂಗಳಲ್ಲಿ, ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಕಣ್ಣಿಗೆ ಕಂಡಿತು. ಸರ್ಕಾರ ಉಚಿತ ಬಸ್ಸು ಬಿಟ್ಟಾಗ ಗಂಟುಮೂಟೆ, ಗ್ಯಾಸ್ ಸಿಲಿಂಡರ್ ಸಮೇತ ಹೊರಟವರ ಸಾಲು ಕರಗಲು ದಿನಗಳೇ ಹಿಡಿದವು. ದೇಶದ ಒಟ್ಟು ದುಡಿಮೆಗಾರರಲ್ಲಿ ಬೇಸಾಯದವರ ಪಾಲು 2018-19ರಲ್ಲಿ ಶೇ. 42.5 ಇದ್ದದ್ದು 2020-21ರಲ್ಲಿ ಶೇ. 46.5 ಆಯಿತು, 2023-24ರಲ್ಲೂ ಶೇ. 46.1. ಸೋಂಕು ಹೋದ ಮೇಲೂ ಜನ ಹೊಲದ ಲೆಕ್ಕದಿಂದ ಹೊರಗೆ ಬರಲಿಲ್ಲ. ಅಭಿವೃದ್ಧಿಯ ಪಾಠಗಳಲ್ಲಿ ಈ ದಾರಿ ಒಂದೇ ಕಡೆಗೆ ಹೋಗುತ್ತದೆ. ನಮ್ಮಲ್ಲಿ ಅದು ಎರಡೂ ಕಡೆಗೆ ಓಡಾಡುವ ದಾರಿ.

ರಾಜ್ಯದ ಎಲ್ಲ ಕಡೆ ಕಥೆ ಒಂದೇ ಅಲ್ಲ. ಕರಾವಳಿ ದಾಟಿದ್ದು ಬೇರೆ ರೀತಿಯಲ್ಲಿ. ಅಲ್ಲಿ ದೊಡ್ಡ ನೀರಾವರಿಯೂ ಇರಲಿಲ್ಲ, ದೊಡ್ಡ ಕಾರ್ಖಾನೆಯೂ ತಡವಾಗಿ ಬಂತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ಬ್ಯಾಂಕುಗಳು ಹುಟ್ಟಿದವು. ಶಾಲೆಗಳಿದ್ದವು, ಮುಂಬಯಿಯ ಉಡುಪಿ ಹೋಟೆಲುಗಳಿದ್ದವು, ಮುಂದೆ ಗಲ್ಫ್ ಬಂತು. 1974ರ ಭೂಸುಧಾರಣೆ ಅತಿ ಹೆಚ್ಚು ಫಲ ಕೊಟ್ಟದ್ದೂ ಇಲ್ಲೇ: ಚಾಲಗೇಣಿಯ ಒಕ್ಕಲುಗಳು ಭೂಮಿಯ ಒಡೆಯರಾದರು. ಆದರೆ ಗೇಣಿ ಕೊಡುತ್ತಿದ್ದವನ ಮಗ ಒಡೆಯನಾಗುವ ಹೊತ್ತಿಗೆ ಮುಂಬಯಿಯಲ್ಲಿ ಕ್ಯಾಷಿಯರನಾಗಿದ್ದ. ಈಗ ತೋಟದ ಕೆಲಸಕ್ಕೆ ಬಯಲುಸೀಮೆಯವರೂ, ಮಲೆನಾಡಿನ ಕಾಫಿ ಎಸ್ಟೇಟುಗಳಿಗೆ ಅಸ್ಸಾಮಿನವರೂ ಬರುತ್ತಾರೆ.

ಇದಕ್ಕೆ ತದ್ವಿರುದ್ಧ ತುಂಗಭದ್ರೆಯ ಎಡದಂಡೆ. ಎಪ್‌ಸ್ಟೈನರ ವಂಗಲವನ್ನು ಹತ್ತಾರು ಪಟ್ಟು ಹಿಗ್ಗಿಸಿದರೆ ಸಿಂಧನೂರು, ಗಂಗಾವತಿ ಸಿಗುತ್ತವೆ. 1953ರಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಯೋಜನೆಯ ಲೆಕ್ಕ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳದ್ದಾಗಿತ್ತು. ತೆಳ್ಳಗೆ ಹರಡಿದ ನೀರು ಹೆಚ್ಚು ಊರು ತಲುಪಬೇಕೆಂಬ ಉದ್ದೇಶ. ಕರಾವಳಿ ಆಂಧ್ರದಿಂದ ಬಂದ ರೈತರು ಸ್ಥಳೀಯರಿಂದ ಅಗ್ಗಕ್ಕೆ ಜಮೀನು ಕೊಂಡು, ಮಟ್ಟ ಮಾಡಿ, ಬದು ಕಟ್ಟಿ ಭತ್ತ ಹಾಕಿದರು. ಅವರ ವಸತಿಗಳನ್ನು ಜನ ಇವತ್ತಿಗೂ ಕ್ಯಾಂಪ್ ಎನ್ನುತ್ತಾರೆ. ಮಾರಿದವರಲ್ಲಿ ಹಲವರು ಅದೇ ಮಣ್ಣಿನಲ್ಲಿ ಕೂಲಿಯಾದರು. ಸೋನಾ ಮಸೂರಿಗೆ ಹೆಸರು ಬಂತು, ರೈಸ್ ಮಿಲ್ಲುಗಳು ಎದ್ದವು, ಟ್ರ್ಯಾಕ್ಟರ್ ಶೋರೂಮುಗಳು ಬಂದವು. ಆದರೆ ಅಕ್ಕಿಯಿಂದ ಬಂದ ಹಣ ಮತ್ತೆ ಅಕ್ಕಿಗೆ, ಜಮೀನಿಗೆ, ಕಲ್ಯಾಣ ಮಂಟಪಕ್ಕೆ ಹೋಯಿತು; ನೂರು ಜನಕ್ಕೆ ವರ್ಷವಿಡೀ ಕೆಲಸ ಕೊಡುವ ಬೇರೊಂದು ಉದ್ಯಮಕ್ಕೆ ಹೋದದ್ದು ಕಡಿಮೆ. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡದ್ದರಿಂದ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ಪ್ರತಿವರ್ಷ ಕಾಲುವೆ ನೀರಿಗಾಗಿ ಧರಣಿ ಕೂರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಒಂದು ಕಬ್ಬಿಣದ ಬಾಗಿಲಿನ ಮೇಲೆ ಎಷ್ಟು ಜಿಲ್ಲೆಗಳ ಅನ್ನ ನಿಂತಿದೆ ಎಂದು ಎಲ್ಲರಿಗೂ ತಿಳಿಯಿತು.

ಅಲ್ಲಿಂದ ಸ್ವಲ್ಪ ದೂರದ ದೇವದುರ್ಗ, ಯಾದಗಿರಿ, ಸುರಪುರದ ಖುಷ್ಕಿ ಊರುಗಳು ದಲೇನದ ಹಾದಿ ಹಿಡಿಯಬೇಕಿತ್ತಲ್ಲವೇ? ಹಿಡಿದವು, ಆದರೆ ಅರ್ಧ ಮಾತ್ರ. ದಲೇನಕ್ಕೆ ಕೂಗಳತೆಯಲ್ಲಿ ಮಂಡ್ಯವಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರಬಹುದಿತ್ತು. ದೇವದುರ್ಗದವನಿಗೆ ಹತ್ತಿರದ ಮಂಡ್ಯ ಯಾವುದು? ಅವನು ಗುಳೆ ಹೋಗುತ್ತಾನೆ. ದೀಪಾವಳಿ ಮುಗಿದ ಮೇಲೆ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡು ಹೆಂಡತಿ-ಮಕ್ಕಳ ಸಮೇತ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ತಗಡಿನ ಶೆಡ್ ಸೇರಿ, ಮುಂಗಾರಿಗೆ ತೊಗರಿ ಬಿತ್ತಲು ಮರಳುತ್ತಾನೆ. ಮಕ್ಕಳ ಶಾಲೆ ಎರಡೂ ಕಡೆ ತಪ್ಪುತ್ತದೆ. ರೇಷನ್ ಕಾರ್ಡು, ಓಟು, ಉದ್ಯೋಗ ಖಾತರಿಯ ಜಾಬ್ ಕಾರ್ಡು ಎಲ್ಲ ಊರಿನಲ್ಲಿ. ದುಡಿಮೆ ಐನೂರು ಕಿಲೋಮೀಟರ್ ಆಚೆ. ಕೋಲಾರದವನ ಸ್ಥಿತಿ ಇದಕ್ಕಿಂತ ವಾಸಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫಿನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮನೆಗೆ ಬರುತ್ತಾರೆ. ಒಂದು ರೈಲು ಎರಡು ಬದುಕುಗಳ ನಡುವೆ ತರುವ ವ್ಯತ್ಯಾಸ ಇಷ್ಟು ದೊಡ್ಡದು.

ಈ ಅಸಮತೋಲನವನ್ನು ಅಳೆದವರು ಡಿ.ಎಂ. ನಂಜುಂಡಪ್ಪ. 2002ರಲ್ಲಿ ಅವರ ಸಮಿತಿ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಬೇಕೆಂಬ ಶಿಫಾರಸಿನಂತೆ ವಿಶೇಷ ಅಭಿವೃದ್ಧಿ ಯೋಜನೆ ಬಂತು, ಮುಂದೆ ಸಂವಿಧಾನದ 371ಜೆ ವಿಧಿ ಬಂತು, 2024ರಲ್ಲಿ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೂ ಆಯಿತು. ನಂಜುಂಡಪ್ಪ ವರದಿ ನಾಡಿಗೆ ಮಾಡಿದ ಉಪಕಾರ ದೊಡ್ಡದು. ದೂರುಗಳಿಗೆ ಅದು ಅಂಕಿಯ ಭಾಷೆ ಕೊಟ್ಟಿತು. ಆದರೆ ತಾಲ್ಲೂಕನ್ನು ಘಟಕವಾಗಿ ಇಟ್ಟುಕೊಂಡ ಮೇಲೆ ಹಣ ತಾಲ್ಲೂಕಿನೊಳಗೆ ರಸ್ತೆ, ಕಟ್ಟಡ, ಸಮುದಾಯ ಭವನವಾಗಿ ಇಳಿಯಿತು. ಗುಳೆ ಹೋದವನು ತಾಲ್ಲೂಕಿನಲ್ಲೇ ಇಲ್ಲ. ಅವನ ತಗಡಿನ ಶೆಡ್ಡಿಗೂ ಅವನ ಮಗುವಿನ ಶಾಲೆಗೂ ಹಿಂದುಳಿದ ತಾಲ್ಲೂಕಿನ ಹಣ ತಲುಪುವುದಿಲ್ಲ.

ಕಾನೂನು ಕೂಡ ಈ ಎರಡು ದೋಣಿಯ ಬದುಕನ್ನು ಕಂಡಂತಿಲ್ಲ. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರು ತಂದ 1974ರ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿತು. ಆ ಕಾಲಕ್ಕೆ ಅದು ನ್ಯಾಯ, ಸಂದೇಹವಿಲ್ಲ. ಐವತ್ತು ವರ್ಷಗಳ ಮೇಲೆ ಗೇಣಿಗೆ ಕೊಡುವವನು ಜಮೀನ್ದಾರನಲ್ಲ, ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸದಲ್ಲಿರುವ ಎರಡೆಕರೆಯವನು. ಅವನು ಬರವಣಿಗೆಯಲ್ಲಿ ಗುತ್ತಿಗೆಗೆ ಕೊಡುವಂತಿಲ್ಲ. ಬಾಯಿಮಾತಿನಲ್ಲಿ, ದಕ್ಷಿಣದಲ್ಲಿ ಕೋರಿಗೆ, ಉತ್ತರದಲ್ಲಿ ಲಾವಣಿಗೆ ಕೊಡುತ್ತಾನೆ. ಜಮೀನು ಕೈತಪ್ಪೀತೆಂಬ ಭಯಕ್ಕೆ ವರ್ಷವರ್ಷ ಆಳು ಬದಲಿಸುತ್ತಾನೆ, ಇಲ್ಲವೇ ಬೀಳು ಬಿಡುತ್ತಾನೆ. ನಿಜಕ್ಕೂ ಉಳುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಿದಾಗ ಪರಿಹಾರ ಹೋದದ್ದು ಪಹಣಿದಾರನ ಖಾತೆಗೆ. ಬೀಜ-ಗೊಬ್ಬರಕ್ಕೆ ಸಾಲ ಮಾಡಿದ ಕೋರಿನವನಿಗೆ ಸಿಕ್ಕಿದ್ದು ಪಹಣಿದಾರನ ದಯೆ. ಇತ್ತ 2020ರ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದು ಬೇಸಾಯಗಾರರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿತು. ಮಾರುವ ಸ್ವಾತಂತ್ರ್ಯ ಬಂತು, ಗುತ್ತಿಗೆಗೆ ಕೊಡುವ ಸ್ವಾತಂತ್ರ್ಯ ಬರಲಿಲ್ಲ. ನನಗೆ ಇದು ತಲೆಕೆಳಗಾದ ಕ್ರಮವಾಗಿ ಕಾಣುತ್ತದೆ: ಸಣ್ಣ ಹಿಡುವಳಿದಾರನಿಗೆ ಬೇಕಿದ್ದುದು ಜಮೀನು ಕಳೆದುಕೊಳ್ಳದೆ ಹೊರಗೆ ದುಡಿಯುವ ಅನುಕೂಲ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ಕೇಳಲಾಗಿತ್ತು; 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅವರನ್ನು ಕೈಗಾರಿಕೆಯ ವಿರೋಧಿಗಳು ಎಂದವರಿದ್ದಾರೆ. ದ್ರಾಕ್ಷಿ, ರೇಷ್ಮೆ, ಹೂವು, ಹಾಲು ಎಲ್ಲವನ್ನೂ ಬೆಂಗಳೂರಿಗೆ ಮಾರಿ ಬದುಕುವ ಊರುಗಳವು. ವಿಮಾನ ನಿಲ್ದಾಣಕ್ಕೆ ಜಮೀನು ಹೋದ ನೆರೆಯವರ ಪರಿಹಾರದ ಹಣ ಕಾರು, ಮನೆ, ಮದುವೆಯಲ್ಲಿ ಕರಗಿದ್ದನ್ನೂ ಮಕ್ಕಳಿಗೆ ಟ್ರಾಲಿ ತಳ್ಳುವ ಕೆಲಸ ಸಿಕ್ಕಿದ್ದನ್ನೂ ಕಣ್ಣಾರೆ ಕಂಡವರು. ಬರುವ ಕೆಲಸ ಯಾವ ದರ್ಜೆಯದು ಎಂದು ತೂಗಿ ನೋಡಿಯೇ ಅವರು ಬೇಡ ಎಂದರು.

ಇನ್ನೊಂದು ಕಡೆ, ಭೂಮಿಯಿದ್ದೂ ಮರ್ಯಾದೆಯಿಲ್ಲದ ಸ್ಥಿತಿ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಿತು. ಮೂವತ್ತು ದಾಟಿದ, ಬೇಸಾಯ ಮಾಡುವ ಗಂಡುಗಳು. ಹೆಣ್ಣು ಕೊಡಪ್ಪಾ ಎಂದು ಮಾದಪ್ಪನಿಗೆ ಹರಕೆ. ಪತ್ರಿಕೆಗಳು ತಮಾಷೆ ಮಾಡಿದವು. ಹೆಣ್ಣಿನ ತಂದೆ ಕೇಳುವ ಪ್ರಶ್ನೆ ಮಾತ್ರ ಸ್ಪಷ್ಟ: ಹುಡುಗ ಬೆಂಗಳೂರಿನಲ್ಲಿದ್ದಾನೆಯೇ, ಊರಿನಲ್ಲಿ ಜಮೀನೂ ಇದೆಯೇ? ಎರಡೂ ಬೇಕು. ಬರೀ ಜಮೀನಿದ್ದವನಿಗೆ ಹೆಣ್ಣಿಲ್ಲ, ಬರೀ ಬೆಂಗಳೂರಿದ್ದವನನ್ನು ನಂಬುವುದಿಲ್ಲ. ದಶಕಗಳ ಹಿಂದೆ ಭ್ರೂಣಲಿಂಗ ಪತ್ತೆ ಮಾಡಿಸಿ ಹೆಣ್ಣುಮಕ್ಕಳನ್ನು ಕಮ್ಮಿ ಮಾಡಿಕೊಂಡ ಪಾಪದ ಪಾಲೂ ಇದರಲ್ಲಿದೆ, ಅದನ್ನು ಮಂಡ್ಯದವರೇ ಹೇಳುತ್ತಾರೆ.

ಹೊಸ ಜನಗಣತಿಯ ಎಣಿಕೆ 2027ರ ಫೆಬ್ರವರಿಗೆ ನಿಗದಿಯಾಗಿದೆ. ಮೇಲೆ ಕೊಟ್ಟ ಗಣತಿಯ ಅಂಕಿಗಳಿಗೆ ಆ ಹೊತ್ತಿಗೆ ಹದಿನಾರು ವರ್ಷ. ಹಳೆಯ ನಮೂನೆಯಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆ ದುಡಿದವರು ಅಲ್ಪಾವಧಿಯವರು. ಹಸು ಕರೆದು, ಕಳೆ ಕಿತ್ತು, ಎಂಟು ತಾಸು ಹೊಲಿಗೆ ಹೊಲಿದು ಬರುವ ಹೆಂಗಸು ಒಂದೇ ಕಾಲಮ್ಮಿಗೆ ಹೋಗುತ್ತಾಳೆ. ಅವಳ ಅತ್ತೆ ಯಾವ ಕಾಲಮ್ಮಿಗೂ ಹೋಗದೆ ಮನೆಗೆಲಸದಲ್ಲಿ ಸೇರಿಹೋಗಬಹುದು. ಮನೆಗೆಷ್ಟು ಕಸುಬು ಎಂದು ಕೇಳುವ ಪ್ರಶ್ನೆಯನ್ನು ನಾನು ಆ ನಮೂನೆಗಳಲ್ಲಿ ಕಂಡಿಲ್ಲ. ಆದರೂ ಅಂಕಿಗಳು ಬಂದಾಗ ನಾನು ಮೊದಲು ತೆಗೆಯುವುದು ಮದ್ದೂರು, ಸಿಂಧನೂರು, ದೇವದುರ್ಗದ ಪುಟಗಳನ್ನು. ಮೂರರಲ್ಲೂ ಸಾಗುವಳಿದಾರರು ಇನ್ನಷ್ಟು ಇಳಿದಿರುತ್ತಾರೆ ಎಂಬುದು ನನ್ನ ಅಂದಾಜು. ಮದ್ದೂರಿನಲ್ಲಿ ಇಳಿದವರು ಇತರೆ ಕೆಲಸಗಾರರ ಕಾಲಮ್ಮಿಗೆ ಹೋಗಿರಬೇಕು, ದೇವದುರ್ಗದಲ್ಲಿ ಕೂಲಿಗಳ ಕಾಲಮ್ಮಿಗೆ. ಸಿಂಧನೂರಿನ ಬಗ್ಗೆ ಮಾತ್ರ ಊಹೆ ಮಾಡುವ ಧೈರ್ಯ ನನಗಿಲ್ಲ.